ಶಹಾಬಾದಿನಲ್ಲಿ ಕಂಪ್ಯೂಟರ್ ಪಾಲಾದದ್ದು

ಜನವರಿ 8, 2024, ಸೋಮವಾರ

ಇವತ್ತಿನಿಂದ ನಗ್ಮಾಳ ಜೊತೆ ಮಾತು ಬಿಟ್ಟೆ. ಮುಂದೆ ಯಾರಾದರೂ ಕೇಳಿದರೆ ತಾರೀಖು ತಪ್ಪಬಾರದೆಂದು ಬರೆದಿಡುತ್ತಿದ್ದೇನೆ.

ಹದಿನಾಲ್ಕು ವರ್ಷದಿಂದ ಶಹಾಬಾದ ಸ್ಟೇಷನ್ ರಸ್ತೆಯ ಒಂದೇ ಖೋಲಿಯಲ್ಲಿ ನಾವಿಬ್ಬರೂ ಟೈಪಿಂಗ್ ಅಂಗಡಿ ನಡೆಸುತ್ತಿದ್ದೇವೆ. ಕಂಪ್ಯೂಟರ್ ಒಂದೇ, ಇಬ್ಬರೂ ಸೇರಿ ಕೊಂಡದ್ದು. ಕನ್ನಡ ಲಗ್ನಪತ್ರಿಕೆ, ಅರ್ಜಿ ಎಲ್ಲ ನನ್ನವು. ಉರ್ದು ಲಗ್ನಪತ್ರಿಕೆ ಅವಳವು. ಆ ಕಂಪ್ಯೂಟರಿನೊಳಗಿನ ಸಿಸ್ಟಮ್ ಎಷ್ಟು ಹಳೆಯದೆಂದರೆ, ಈಗ ಯಾವ ಸರಕಾರಿ ವೆಬ್‌ಸೈಟೂ ಅದರಲ್ಲಿ ತೆರೆಯುವುದಿಲ್ಲ. ಪಹಣಿಗೆಂದು ಬಂದವರು ಬಿಳಿ ಪರದೆ ನೋಡಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೊಸ ಸಿಸ್ಟಮ್ ಹಾಕಿಸೋಣ ಎಂದೆ. ಬೇಡ ಎಂದಳು. ಅವಳ ಉರ್ದು ಪ್ರೋಗ್ರಾಮ್ ಹಳೆಯದರಲ್ಲಿ ಮಾತ್ರ ಓಡುತ್ತದೆ. ಅಳಿಸಿದರೆ ಮತ್ತೆ ಹಾಕಲು ಮೂಲ ಸಿಡಿಗಳಿಲ್ಲ. ಇಲ್ಲಿಯವರೆಗೆ ಸರಿ. ಆಮೇಲೆ ನಾಲ್ಕು ಗಿರಾಕಿಗಳ ಎದುರಿಗೆ ಹೇಳಿದಳು:

“ಕನ್ನಡ ಟೈಪ್ ಮಾಡೋರು ಗಲ್ಲಿಗೊಬ್ರು ಅದಾರ ಅಕ್ಕಾ. ಉರ್ದು ಮಾಡಾಕಿ ಇಡೀ ಶಹಾಬಾದಕ್ಕ ನಾ ಒಬ್ಬಾಕಿ.”

ಆ ನಾಲ್ವರಲ್ಲಿ ಒಬ್ಬ ಹೌದೆಂದು ತಲೆ ಆಡಿಸಿದ. ಅವನ ಪಹಣಿಯನ್ನು ನಾನು ಈ ಜನ್ಮದಲ್ಲಿ ತೆಗೆದುಕೊಡುವುದಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ತೆಗೆಯಲು ಬರುವುದೂ ಇಲ್ಲ, ಆ ಮಾತು ಬೇರೆ.

ಜನವರಿ 10, ಬುಧವಾರ

ಸೇಡಂನಲ್ಲಿರುವ ಅಕ್ಕನ ಮಗ ಅಂಬರೇಶನಿಗೆ ಫೋನ್ ಮಾಡಿದೆ. ಬಸ್ ಸ್ಟ್ಯಾಂಡ್ ಹತ್ತಿರ ಅವನದೊಂದು ಮಳಿಗೆ ಖಾಲಿ ಬಿದ್ದಿದೆ. “ಬಾ ಸಣ್ಣವ್ವ, ನಿನಗಂತೇ ಇಡ್ತೀನಿ” ಎಂದ. ಅಂಗಡಿ ಬೇರೆ ಮಾಡುವುದು ಖಾಯಂ.

ಉಳಿದದ್ದು ಕಂಪ್ಯೂಟರ್. ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಿಂದ ಮೈಯೆಲ್ಲ ಧೂಳು ಮಾಡಿಕೊಂಡು ಬಂದ ನಮ್ಮವರು, “ಒಂದು ಹೊಸಾದು ತಗೊಂಡು ಹೋಗು, ಏನದ ಅದರಾಗ” ಎಂದರು. ನನ್ನ ದುಡ್ಡಿನ ಕಂಪ್ಯೂಟರನ್ನು ಅವಳಿಗೆ ಬಿಟ್ಟು ನಾನೇಕೆ ಕೊಳ್ಳಲಿ? ಅವಳೇ ಕೊಳ್ಳಲಿ. ಅವಳೂ ಇದನ್ನೇ ಯಾರದೋ ಮುಂದೆ ಹೇಳಿದ್ದಾಳಂತೆ.

“ಹಂಗಾರ ಅರ್ಧ ಕೊಯ್ಕೊಂಡು ಹೋಗು,” ಎಂದರು ನಮ್ಮವರು.

ತಮಾಷೆಗೆ ಅಂದರು. ನನಗೆ ಅದು ಸರಿ ಅನ್ನಿಸಿತು.

ಜನವರಿ 13, ಶನಿವಾರ

ವಾಡಿಯಿಂದ ರೈಲಿನಲ್ಲಿ ಹಾಜಿಮಲಂಗ್ ಬಂದರು. ಐವತ್ತು ದಾಟಿದ ಮನುಷ್ಯ. ಈ ಕಡೆಯ ಕೆಟ್ಟ ಕಂಪ್ಯೂಟರುಗಳಿಗೆಲ್ಲ ಅವರೇ ಹಕೀಮರು. ಕೊಯ್ಯಲು ಬರುತ್ತದೆ ಎಂದರು. ಹಾರ್ಡ್ ಡಿಸ್ಕಿನಲ್ಲಿ ಹಳೆಯ ಸಿಸ್ಟಮನ್ನು ಒಂದು ಬದಿಗೆ ಒತ್ತರಿಸಿ, ಖಾಲಿಯಾದ ಜಾಗದಲ್ಲಿ ಹೊಸದನ್ನು ಕೂರಿಸುವುದು. ಸ್ವಿಚ್ ಹಾಕಿದ ಕೂಡಲೇ ಯಂತ್ರವೇ ಕೇಳುತ್ತದಂತೆ, ಹಳೆಯದು ಬೇಕೋ ಹೊಸದು ಬೇಕೋ ಎಂದು.

“ಒಂದೇ ಮನಿ, ಎರಡು ಒಲಿ,” ಎಂದರು. “ಆಮ್ಯಾಲ ನಿಮ್ಮ ಪಾಲು ಬ್ಯಾರೆ ಡಿಸ್ಕಿಗಿ ಇಳಿಸಿ ಕೊಡ್ತೀನ್ರಿ ಅಕ್ಕೋರೆ. ಸೇಡಂಕ್ಕರ ಒಯ್ರಿ, ಚಿಂಚೋಳಿಗರ ಒಯ್ರಿ. ಮೂಲ ಸಿಡಿ ಎಲ್ಲವ? ಒತ್ತರಿಸೂವಾಗ ಹಳೇದು ಕೆಟ್ಟಿತಂದ್ರ ಮತ್ತ ಹಾಕಬೇಕಲ್ಲ.”

ನಾನು ಫ್ಯಾನ್ ನೋಡಿದೆ. ಮೂರು ವರ್ಷದ ಹಿಂದೆ ಸೋದರತ್ತೆ ನೀಲಾಬಾಯಿ ಮಳಖೇಡದಿಂದ ಬಂದು, ಜೋಳದ ಹೊಲದಲ್ಲಿ ಹಕ್ಕಿ ಬೆದರಿಸಲು ಹೊಳೆಯುವ ತಟ್ಟೆ ಕೊಡು ಎಂದಾಗ ಡಬ್ಬಿಯಲ್ಲಿದ್ದ ಸಿಡಿಗಳನ್ನೆಲ್ಲ ಅವಳ ಚೀಲಕ್ಕೆ ಸುರಿದವಳು ನಾನು. ನಗ್ಮಾಗೆ ಅದು ಚೆನ್ನಾಗಿ ಗೊತ್ತು. ಆದರೂ ಹಾಜಿಮಲಂಗರಿಗೆ “ಎಲ್ಲೋ ಕಳದಾವ” ಎಂದಳು. ನನ್ನ ಹೆಸರು ಹೇಳಲಿಲ್ಲ. ಒಳಗೊಳಗೇ ಏನೋ ಹೂಡಿದ್ದಾಳೆ.

ಜನವರಿ 17, ಬುಧವಾರ

ಹಾಜಿಮಲಂಗರನ್ನು ಕರೆದುಕೊಂಡು ಮಳಖೇಡಕ್ಕೆ ಹೋದೆ. ಸಿಡಿಗಳು ಹೊಲದಲ್ಲೇ ಇವೆ, ಗೂಟದಿಂದ ಗೂಟಕ್ಕೆ ಕಟ್ಟಿದ ದಾರದಲ್ಲಿ ಒಂಬತ್ತು ತೂಗುತ್ತಿದ್ದವು. ತೆನೆಗೆ ಹಾಲು ತುಂಬಿದ ಸಮಯ. ನೀಲಾಬಾಯಿ ಅತ್ತೆ ಕೊಡುವುದಿಲ್ಲ ಎಂದಳು.

“ಸುಗ್ಗಿ ಮುಗೀಲಿ, ಒಯ್ಯಿ. ಈಗ ಬಿಚ್ಚಿದ್ರ ಗುಬ್ಬಿ ಏನು ಸುಮ್ನ ಕುಂದರ್ತಾವಾ?”

ಕೊನೆಗೊಂದು ಒಪ್ಪಂದವಾಯಿತು. ಹಾಜಿಮಲಂಗ್ ಅವಳ ಮನೆಯಲ್ಲಿ ಕುಂತು ತಮ್ಮ ಲ್ಯಾಪ್‌ಟಾಪಿನಲ್ಲಿ ಸಿಡಿ ಪರೀಕ್ಷೆ ಮಾಡುವಷ್ಟು ಹೊತ್ತು ನಾನು ಹೊಲದಲ್ಲಿ ನಿಂತು ಹಕ್ಕಿ ಓಡಿಸಬೇಕು. ಬಿ.ಎ. ಪಾಸಾದ ನಾನು, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ತಗಡಿನ ಡಬ್ಬಿ ಬಡಿಯುತ್ತ ಹೋ ಹೋ ಎಂದು ಕೂಗಿದೆ. ಒಂದು ತಾಸಾಯಿತು, ಎರಡಾಯಿತು. ಹಾಜಿಮಲಂಗರ ಸುಳಿವಿಲ್ಲ. ಗುಬ್ಬಿಗಳಿಗೆ ಹೊಲ ಬಿಟ್ಟುಕೊಟ್ಟು ಮನೆಗೆ ಹೋದರೆ ಅಲ್ಲಿ ಇಡೀ ಗಲ್ಲಿ ಸೇರಿದೆ. ಒಂದು ಸಿಡಿಯಲ್ಲಿ ಯಾರದೋ ಮದುವೆ ಸಿಕ್ಕಿದೆ; ಚಿತ್ತಾಪುರದವರಂತೆ, ಯಾರಿಗೂ ಪರಿಚಯವಿಲ್ಲ. ಮದುಮಗಳನ್ನು ಕಳಿಸಿಕೊಡುವ ಹೊತ್ತಿಗೆ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ತಡೀರಿ ಅಕ್ಕೋರೆ, ಮುಗೀಲಿಕತ್ತದ,” ಎಂದರು ಹಾಜಿಮಲಂಗ್.

ನಮಗೆ ಬೇಕಾದ ಎರಡು ಸಿಡಿಗಳೂ ಸಿಕ್ಕವು. ಬಿಸಿಲಿಗೆ ಬೆಳ್ಳಿ ಬಣ್ಣವೆಲ್ಲ ಸುಲಿದು ಹೋಗಿತ್ತು. ಹಾಜಿಮಲಂಗ್ ಒಂದನ್ನು ಕಣ್ಣಿಗೆ ಹಿಡಿದು ಅದರೊಳಗಿಂದ ನನ್ನ ಮುಖ ನೋಡಿದರು.

ಅಲ್ಲಿಗೆ ಸಿಡಿ ಇಲ್ಲದೆಯೇ ಮಾಡಬೇಕು. ಕೆಟ್ಟರೆ ನಗ್ಮಾಳ ಕೆಲಸ ಮುಗಿದಂತೆ, ಮತ್ತೆ ಹಾಕಲು ಬರುವುದಿಲ್ಲ. ನನಗೇನು ಎಂದುಕೊಂಡೆ. ಬಸ್ಸಿನಲ್ಲಿ ಹಾಜಿಮಲಂಗರಿಗೆ ಮೂರು ಸಲ ಜೋಪಾನ ಎಂದು ಹೇಳಿದೆ. ಕಂಪ್ಯೂಟರಿನಲ್ಲಿ ನನ್ನದೂ ಅರ್ಧ ಇದೆಯಲ್ಲ, ಅದಕ್ಕೆ.

ಜನವರಿ 21, ಭಾನುವಾರ

ಪಾಲು ಮಾಡುವಾಗ ಹಿರಿಯರು ಬೇಕು. ನನ್ನ ಕಡೆಯಿಂದ ನಮ್ಮವರ ಕಾಕಾ ಮಡಿವಾಳಯ್ಯ ಚಿತ್ತಾಪುರದಿಂದ ಬಂದರು. ಮೂವತ್ತೆರಡು ವರ್ಷ ಹೊಲ ಅಳೆದು ನಿವೃತ್ತರಾದ ಸರ್ವೇಯರ್. ಅವಳ ಕಡೆಯಿಂದ ಅವಳ ಅತ್ತೆ ಅಮೀರ್ಬೀ ಬಂದರು. ಹಾಜಿಮಲಂಗ್ ಹಾರ್ಡ್ ಡಿಸ್ಕ್ ಬಿಚ್ಚಿ ಜಮಖಾನೆಯ ನಡುವೆ ಇಟ್ಟರು.

ಮಡಿವಾಳಯ್ಯ ಕನ್ನಡಕ ಸರಿ ಮಾಡಿಕೊಂಡರು. “ಇದರಾಗ ಮೂಡಣ ಯಾವ ಕಡಿಗದ?”

“ಇದು ತಿರುಗ್ತದರಿ. ಒಂದು ನಿಮಿಷಕ್ಕ ಏಳು ಸಾವಿರ ಸುತ್ತು,” ಎಂದರು ಹಾಜಿಮಲಂಗ್.

“ತಿರುಗೂ ಭೂಮಿ ನಾ ಅಳದಿಲ್ಲ.”

ಅಮೀರ್ಬೀ ಎಲೆ ಅಡಿಕೆ ಒಂದು ಬದಿಗೆ ಸರಿಸಿ, ಬಾವಿ ಯಾರ ಪಾಲಿಗೆ ಎಂದು ಕೇಳಿದರು. ಬಾವಿ ಅಂದರೆ ಪ್ರಿಂಟರ್ ಎಂದು ತೀರ್ಮಾನವಾಯಿತು. ಅದು ಇಬ್ಬರಿಗೂ ಸೇರಿದ್ದು. ಸ್ವಿಚ್ ಹಾಕಿದಾಗ ಹಳೆಯದೋ ಹೊಸದೋ ಎಂದು ಯಂತ್ರ ಕೇಳುತ್ತದಲ್ಲ, ಅದನ್ನು ದಾರಿ ಎಂದು ಬರೆಸಿದರು. ಅದಕ್ಕೆ ಯಾರೂ ಬೇಲಿ ಹಾಕುವಂತಿಲ್ಲ. ಒಂದೂವರೆ ತಾಸು ಇದೇ ನಡೆಯಿತು. ನಗ್ಮಾ ಒಮ್ಮೆ ನಗಲು ಹೋಗಿ ನನ್ನ ಮುಖ ನೋಡಿ ನಿಲ್ಲಿಸಿದಳು. ನನಗೂ ಬಂದಿತ್ತು, ನುಂಗಿದೆ.

ಕೊನೆಗೆ ಮಡಿವಾಳಯ್ಯ ಹೇಳಿದರು: “ಹಿರೇಕಿ ಪಾಲು ಮಾಡಬೇಕು. ಕಿರೇಕಿ ಮೊದಲು ಆರಿಸಬೇಕು. ನಮ್ಮ ಅಪ್ಪನ ಹೊಲ ಹಂಗೇ ಆಗ್ಯಾದ. ಆರಿಸಿದ ಮ್ಯಾಲ ಇಬ್ಬರೂ ತಿರುಗಿ ಕೇಳಂಗಿಲ್ಲ.”

“ನಮ್ಮಲ್ಲೂ ಹಂಗೇ,” ಎಂದರು ಅಮೀರ್ಬೀ.

ನಗ್ಮಾಗಿಂತ ನಾನು ಮೂರು ವರ್ಷ ದೊಡ್ಡವಳು. ಪಾಲು ಮಾಡುವವಳು ನಾನು.

ಜನವರಿ 22, ಸೋಮವಾರ

ಪಾಲು ಮಾಡಿದೆ. ಹಳೆಯ ಸಿಸ್ಟಮಿಗೆ ಉಸಿರಾಡುವಷ್ಟು ಜಾಗ, ಉಳಿದದ್ದೆಲ್ಲ ಹೊಸದಕ್ಕೆ. ನಗ್ಮಾ ಹಳೆಯದನ್ನೇ ಆರಿಸಬೇಕು. ಉರ್ದು ಇರುವುದು ಅದರಲ್ಲಿ, ಅವಳಿಗೆ ಬೇರೆ ಗತಿಯೇ ಇಲ್ಲ. ಹಾಗಿರುವಾಗ ಅದನ್ನು ದೊಡ್ಡದು ಮಾಡಿ ನಾನೇಕೆ ಕಳೆದುಕೊಳ್ಳಲಿ?

“ಇಷ್ಟು ಸಣ್ಣದಾ?” ಎಂದು ಹಾಜಿಮಲಂಗ್ ಫೋನಿನಲ್ಲಿ ಎರಡು ಸಲ ಕೇಳಿದರು.

ಮಧ್ಯಾಹ್ನ ಒಂದು ರೊಟ್ಟಿ ಹೆಚ್ಚಿಗೆ ತಿಂದೆ.

ಫೆಬ್ರವರಿ 4, ಭಾನುವಾರ

ಇವತ್ತಿನದನ್ನು ಬರೆದರೆ ನನಗೇ ನಂಬಿಕೆ ಬರುವುದಿಲ್ಲ. ಆದರೂ ಬರೆಯುತ್ತೇನೆ.

ಒತ್ತರಿಸುವ ಕೆಲಸ ಶುರುವಾದರೆ ಮೂರು ತಾಸು ನಿಲ್ಲಿಸುವಂತಿಲ್ಲ. ನಡುವೆ ಕರೆಂಟ್ ಹೋದರೆ ಹಳೆಯ ಸಿಸ್ಟಮ್ ಉರ್ದು ಸಮೇತ ಹೋಗುತ್ತದೆ. ನಮ್ಮ ಗಲ್ಲಿಯ ಕರೆಂಟಿನ ಮೇಲೆ ಹಾಜಿಮಲಂಗರಿಗೆ ನಂಬಿಕೆಯಿಲ್ಲ. ಇವತ್ತು ಮಧ್ಯಾಹ್ನ ಅಂಗಡಿಯ ಮುಂದೆ ಚಂದ್ರಾಮನ ಗಾಡಿ ನಿಂತಿತ್ತು. ಮದುವೆ ಮೆರವಣಿಗೆಗೆ ಜನರೇಟರ್, ದೊಡ್ಡ ಸ್ಪೀಕರ್ ಒಯ್ಯುವ ಗಾಡಿ ಅದು. ರಾವೂರಿನಿಂದ ಮದುಮಗ ಬರುವುದು ಐದಕ್ಕೆ, ಅಲ್ಲಿಯವರೆಗೆ ನಮಗೆ ವೈರ್ ಕೊಡುತ್ತೇನೆ ಎಂದ. ಎರಡಕ್ಕೆ ಶುರು ಮಾಡಿದೆವು.

ಮದುಮಗ ಮೂರೂವರೆಗೇ ಬಂದ. ನನ್ನ ಆಯುಷ್ಯದಲ್ಲಿ ಹೊತ್ತಿಗೆ ಮುಂಚೆ ಬಂದ ಮದುಮಗ ಇವನೊಬ್ಬನೇ. ಪರದೆಯ ಮೇಲೆ ಐವತ್ತೆರಡು ಪರ್ಸೆಂಟ್ ಇತ್ತು.

“ಮೆರವಣಿಗಿ ನಿಂದ್ರಂಗಿಲ್ರಿ,” ಎಂದ ಚಂದ್ರಾಮ.

“ಇದೂ ನಿಂದ್ರಂಗಿಲ್ಲಪಾ,” ಎಂದರು ಹಾಜಿಮಲಂಗ್.

ವೈರ್ ಕೀಳದೆ ಕಂಪ್ಯೂಟರನ್ನೇ ಎತ್ತಿ ಗಾಡಿಯ ಮೇಲೆ ಇಟ್ಟೆವು, ಕೆಳಗೆ ಎರಡು ಗಾದಿ ಹಾಕಿ. ಹಿಡಿದುಕೊಂಡು ನಡೆಯುತ್ತ ಎಡಕ್ಕೆ ನಾನು, ಬಲಕ್ಕೆ ನಗ್ಮಾ, ನಡುವೆ ಮಾನಿಟರ್. ಹಿಂದೆ ಕುದುರೆಯ ಮೇಲೆ ಮದುಮಗ, ಮುಂದೆ ಕುಣಿಯುವವರು. ಹಾಜಿಮಲಂಗ್ ಗಾಡಿಯ ಮೇಲೆ ಕುಂತು ಐದು ನಿಮಿಷಕ್ಕೊಮ್ಮೆ ಪರ್ಸೆಂಟ್ ಕೂಗುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಕುಣಿಯುವವರೂ ಅವರ ಜೊತೆ ಕೂಗತೊಡಗಿದರು. ಒಬ್ಬ ಮುದುಕರು ನನ್ನ ಹತ್ತಿರ ಬಂದು, ನೀವು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂದು ಕೇಳಿದರು. ಕಂಪ್ಯೂಟರ್ ಕಡೆಯವರು ಎಂದೆ.

ರೈಲ್ವೆ ಗೇಟಿನ ಹತ್ತಿರ ಸ್ಪೀಡ್ ಬ್ರೇಕರಿಗೆ ಗಾಡಿ ಎಗರಿತು. ಎಲ್ಲವೂ ನಗ್ಮಾಳ ಕಡೆಗೆ ಜಾರಿತು. “ಹಿಡಿ!” ಎಂದು ಕಿರುಚಿದೆ. “ಹಿಡದೀನಿ, ಹಿಡದೀನಿ!” ಎಂದಳು. ಇದು ಮಾತಲ್ಲ. ಬೆಂಕಿ ಬಿದ್ದರೆ ಯಾರಾದರೂ ಕೂಗುತ್ತಾರೆ. ಅವಳ ಮೊಣಕೈ ತರಚಿ ರಕ್ತ ಬಂದಿತ್ತು. ನನ್ನ ಕರ್ಚೀಪು ಕಟ್ಟಿದೆ, ಅದನ್ನೂ ಮಾತಾಡದೆಯೇ ಕಟ್ಟಿದೆ.

ಕಲ್ಯಾಣ ಮಂಟಪದ ಬಾಗಿಲಲ್ಲಿ ನೂರು ಆಯಿತು. ಎಲ್ಲರೂ ಸೀಟಿ ಹೊಡೆದು ಚಪ್ಪಾಳೆ ತಟ್ಟಿದರು, ಬ್ಯಾಂಡಿನವರು ಬಾರಿಸಿದರು, ಇಬ್ಬರು ನನ್ನ ಮೇಲೆ ಹೂವು ಎರಚಿದರು. ಮದುಮಗನನ್ನು ಕುದುರೆಯಿಂದ ಇಳಿಸುವುದು ಎಲ್ಲರಿಗೂ ಮರೆತೇ ಹೋಗಿತ್ತು.

ಫೆಬ್ರವರಿ 5, ಸೋಮವಾರ

ಕಾಲು ನೋವು. ಹಾಲಿನವನು ಕೇಳಿದ, “ಹೆಣ್ಣಿನೋರು ಮದುಮಗಗ ಹಳೇ ಕಂಪ್ಯೂಟರ್ ಕೊಟ್ಟಾರಂತ, ಖರೇನ್ರಿ?”

ಫೆಬ್ರವರಿ 7, ಬುಧವಾರ

ಹೊಸ ಸಿಸ್ಟಮಿಗೂ ಸಿಡಿ ಇಲ್ಲ. ಹಾಜಿಮಲಂಗ್ ಲಿನಕ್ಸ್ ಎಂಬ ಬಿಟ್ಟಿ ಸಿಸ್ಟಮನ್ನು ಪೆನ್ ಡ್ರೈವಿನಲ್ಲಿ ತಂದು ಹಾಕಿದರು. ಸ್ವಿಚ್ ಹಾಕಿದರೆ ಕರಿ ಪರದೆಯ ಮೇಲೆ ಎರಡು ಸಾಲು. ಎರಡೂ ತೆರೆದವು. ಹಳೆಯದರಲ್ಲಿ ಉರ್ದು ಹಾಗೇ ಇತ್ತು, ಹೊಸದರಲ್ಲಿ ಪಹಣಿ ಬಂತು. ಹಿರಿಯರಿಬ್ಬರೂ ಮತ್ತೆ ಕುಳಿತರು.

“ಆರಿಸವ್ವಾ,” ಎಂದರು ಮಡಿವಾಳಯ್ಯ.

ನಾನು ಮನಸ್ಸಿನಲ್ಲೇ ಸೇಡಂನ ಮಳಿಗೆಗೆ ಬಣ್ಣ ಹಚ್ಚುತ್ತಿದ್ದೆ. ನಗ್ಮಾ ಬಹಳ ಹೊತ್ತು ಪರದೆ ನೋಡಿದಳು. ಆಮೇಲೆ ಬೆರಳಿಟ್ಟಳು.

“ನನಗ ಹೊಸದು.”

ಹಾಜಿಮಲಂಗ್ ಕೆಮ್ಮಿದರು. “ಆಪಾ, ಉರ್ದು ಹಳೇದರಾಗ ಅದ.”

“ಗೊತ್ತದ.”

“ಆಕಿಗಿ ತಿಳಿದಿಲ್ರಿ, ಇನ್ನೊಮ್ಮಿ ಕೇಳ್ರಿ!” ಎಂದು ನಾನು ಕೂಗಿದೆ.

ಮಡಿವಾಳಯ್ಯನವರಿಗೆ ಆನಂದವೋ ಆನಂದ. “ದೊಡ್ಡ ಪಾಲು ಕಿರೇಕಿಗಿ ಹೋತು. ನೀನೇ ಮಾಡಿದ ಪಾಲು ಅಲ್ಲೇನವ್ವಾ? ಭಾಳ ದೊಡ್ಡ ಮನಸ್ಸು ನಿಂದು.” ಅಮೀರ್ಬೀ ನನ್ನ ತಲೆಯ ಮೇಲೆ ಕೈಯಿಟ್ಟು ದುವಾ ಮಾಡಿದರು. ಏನು ಹೇಳಲಿ? ಸಣ್ಣ ಪಾಲು ಅವಳಿಗೆಂದು ಮಾಡಿದ್ದೆ ಎಂದು ಹೇಳಲೇ?

ಈಗ ಉರ್ದು ನನ್ನದು. ನನಗೆ ಉರ್ದುವಿನಲ್ಲಿ ನನ್ನ ಹೆಸರೂ ಬರೆಯಲು ಬರುವುದಿಲ್ಲ.

ಫೆಬ್ರವರಿ 8, ಗುರುವಾರ

ಹೊಟ್ಟೆ ಉರಿಯುತ್ತಿದೆ.

ಫೆಬ್ರವರಿ 12, ಸೋಮವಾರ

ವಾಡಿಯ ಶಾಲೆಯ ಟೀಚರ್ ಶಗುಫ್ತಾ ತಂಗಿಯ ಲಗ್ನಪತ್ರಿಕೆ ತಂದಿದ್ದರು. ರಮಜಾನ್ ಹಿಡಿಯುವುದರೊಳಗೆ ಮದುವೆ. ನಗ್ಮಾ ಸ್ಟೂಲಿನ ಮೇಲೆ ಕುಂತು, “ಉರ್ದು ಭುವನಕ್ಕನ ಪಾಲಿಗಿ ಹೋಗ್ಯಾದ, ಆಕಿಗಿ ಕೇಳ್ರಿ” ಎಂದಳು.

ಆಗುವುದಿಲ್ಲ ಎಂದರೆ ಸೋತಂತೆ. ಕುಳಿತೆ. ಮೊದಲ ಅಕ್ಷರ ಯಾವ ಗುಂಡಿಯಲ್ಲಿದೆ ಗೊತ್ತಿಲ್ಲ. ನಗ್ಮಾಳ ಜೊತೆ ಮಾತಿಲ್ಲ. “ಆಕಿಗಿ ಕೇಳ್ರಿ, ಇದು ಎಲ್ಲದ ಅಂತ” ಎಂದು ಶಗುಫ್ತಾಗೆ ಹೇಳಿದೆ. ಶಗುಫ್ತಾ ನಗ್ಮಾಗೆ ಕೇಳಿದರು, ನಗ್ಮಾ ಶಗುಫ್ತಾಗೆ ಹೇಳಿದಳು, ಶಗುಫ್ತಾ ನನಗೆ ಹೇಳಿದರು. ಅರ್ಧ ತಾಸಿಗೆ ಮದುಮಗಳ ಹೆಸರು ಮುಗಿಯಿತು. ಮದುಮಗನ ಹೆಸರು ಇನ್ನೂ ಉದ್ದ. ಶಗುಫ್ತಾ ಎದ್ದು ನಿಂತರು.

“ನೀವಿಬ್ರೂ ಮಾತಾಡ್ಕೊಳ್ರಿ ತಾಯಿ. ನನಗ ರೈಲದ.”

ಆಮೇಲೆ ನೇರವಾಗಿ ಕೇಳಿದೆ. ಕೆಲಸದ ಮಾತು ಮಾತಲ್ಲ. ಸಂಜೆ ಅವಳು ಹೊಸದರಲ್ಲಿ ಒಬ್ಬರ ಪಿಂಚಣಿ ಅರ್ಜಿ ಹಾಕುವಾಗ ಕನ್ನಡದ ಒತ್ತಕ್ಷರ ಹುಡುಕುತ್ತ ಕುಂತಿದ್ದಳು. ಐದು ನಿಮಿಷ ನೋಡಿ, ತಡೆಯಲಾರದೆ ನಾನೇ ಗುಂಡಿ ಒತ್ತಿದೆ.

ಫೆಬ್ರವರಿ 19, ಸೋಮವಾರ

ಹಳೆಯದನ್ನು ಮುಚ್ಚಿ ಹೊಸದನ್ನು ತೆರೆಯಲು ನಾಲ್ಕು ನಿಮಿಷ ಬೇಕು. ದಿನಕ್ಕೆ ಹತ್ತು ಸಲ. ಅಷ್ಟು ಹೊತ್ತು ಎದುರು ಬದುರು ಬಾಯಿ ಮುಚ್ಚಿಕೊಂಡು ಕೂರಲು ನಾನೇನು ಸನ್ಯಾಸಿಯೇ? ಇವತ್ತು ಅವಳ ಮಗಳು ಅಸ್ಫಿಯಾಳ ಪರೀಕ್ಷೆ, ನನ್ನ ಮಂಡಿ ನೋವು, ಪಕ್ಕದ ಅಂಗಡಿಯವನ ಹೊಸ ಹಲ್ಲು, ಇಷ್ಟು ಮುಗಿದವು. ಹಲ್ಲಿನ ವಿಷಯ ಅರ್ಧಕ್ಕೆ ನಿಂತಿತು, ನಾಳೆ ಕೇಳಬೇಕು.

ಊರಿನವರಿಗೆ ಏನು ಹುಚ್ಚೋ. ಲಿಂಗಾಯತರ ಹೆಣ್ಣುಮಗಳು ಉರ್ದು ಟೈಪ್ ಮಾಡುತ್ತಾಳಂತೆ ಎಂದು ನೋಡಲು ಬರುತ್ತಾರೆ, ನೋಡಿದವರು ಒಂದು ಪತ್ರಿಕೆಯನ್ನೂ ಮಾಡಿಸುತ್ತಾರೆ. ಅತ್ತ ನಗ್ಮಾ ಮಠದ ಪ್ರವಚನದ ಕರಪತ್ರ ಮಾಡಿದಳು. ಗೊತ್ತಾಗದೆ ಸ್ವಾಮಿಗಳಿಗೆ ಎರಡು ಬಿರುದು ಹೆಚ್ಚು ಹಾಕಿದ್ದಳು. ಮಠದವರು ಖುಷಿಯಿಂದ ಒಯ್ದರು.

ಉರ್ದು ಅಕ್ಷರ ಒಂಟಿಯಾಗಿದ್ದಾಗ ಒಂದು ನಮೂನೆ, ಪಕ್ಕದ್ದು ಬಂದ ಕೂಡಲೇ ಬಾಲ ಮಡಚಿಕೊಂಡು ಅದಕ್ಕೆ ಜಾಗ ಕೊಡುತ್ತದೆ. ಹದಿನಾಲ್ಕು ವರ್ಷ ಪಕ್ಕದಲ್ಲೇ ಕೂತಿದ್ದರೂ ನಾನು ಇದನ್ನು ನೋಡಿರಲಿಲ್ಲ. ಬಹಳ ಚೆಂದ ಇದೆ.

ಫೆಬ್ರವರಿ 27, ಮಂಗಳವಾರ

ಅಂಬರೇಶ ಫೋನ್ ಮಾಡಿದ. ಮಳಿಗೆಯನ್ನು ಮೊಬೈಲ್ ಅಂಗಡಿಯವರು ಕೇಳುತ್ತಿದ್ದಾರಂತೆ. ನಾನು ಚಿಂಚೋಳಿಯವರ ಪತ್ರಿಕೆಯಲ್ಲಿ ಹನ್ನೊಂದನೆಯ ಸೋದರಮಾವನ ಹೆಸರು ಹೊಡೆಯುತ್ತಿದ್ದೆ. “ಕೊಡು ಕೊಡು, ಈಗ ಫೋನ್ ಇಡು” ಎಂದೆ. ಅದು ನನಗೆಂದು ಇಟ್ಟ ಮಳಿಗೆ ಎಂದು ಆಮೇಲೆ ನೆನಪಾಯಿತು. ಸಿಟ್ಟು ಬರಬೇಕಿತ್ತು. ಕೆಲಸ ಬಹಳ ಇತ್ತು.

ಮಾರ್ಚ್ 9, ಶನಿವಾರ

ರಮಜಾನಿಗೆ ಮೂರು ದಿನ ಇದೆ. ಮದುವೆಗಳು ಮುಗಿದವು; ಬೆಳಿಗ್ಗೆಯಿಂದ ಒಬ್ಬ ಗಿರಾಕಿಯೂ ಇಲ್ಲ. ಹನ್ನೊಂದಕ್ಕೆ ಹಾಜಿಮಲಂಗ್ ಹೊಸ ಡಿಸ್ಕ್ ಹಿಡಿದುಕೊಂಡು ಬಂದರು.

“ನಿಮ್ಮ ಪಾಲು ಇಳಿಸಿಕೊಡ್ಲೇನ್ರಿ ಅಕ್ಕೋರೆ, ಸೇಡಂಕ್ಕ? ಇಲ್ಲಂದ್ರ ಇಬ್ರೂ ಒಪ್ಪಿ ಅದಲಾಬದಲಿ ಮಾಡ್ಕೊಳ್ರಿ. ಹಿರ್ಯಾರಿಗಿ ನಾ ಹೇಳ್ತೀನಿ. ಆಪಾಗ ಉರ್ದು, ನಿಮಗ ಕನ್ನಡ. ಇದು ಏನ್ ಹುಚ್ಚಾಟ!”

ಬೇಡ ಎಂದೆ. ನಗ್ಮಾ ಕೂಡ ಅದೇ ಹೊತ್ತಿಗೆ ಬೇಡ ಎಂದಳು. ಹಾಜಿಮಲಂಗ್ ನಮ್ಮಿಬ್ಬರ ಮುಖ ನೋಡಿ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡರು.

ಆಗ ಕೇಳಿಬಿಟ್ಟೆ. “ನಗ್ಮಾ, ಖರೇ ಹೇಳು. ಅವತ್ತು ಹೊಸದು ಯಾಕ ತಗೊಂಡಿ? ದೊಡ್ಡದದ ಅಂತೇನು?”

“ದೊಡ್ಡದು ತಗೊಂಡು ನಾ ಏನ್ ಮಾಡ್ಲಿ ಅಕ್ಕಾ.” ಅವಳು ಕೀಬೋರ್ಡಿನ ಧೂಳು ಒರೆಸುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. “ಹಳೇದು ತಗೊಂಡಿದ್ರ ನನ್ನ ಕೆಲಸ ನನಗ, ನಿನ್ನ ಕೆಲಸ ನಿನಗ. ಮರುದಿನಾನೇ ನೀ ಸೇಡಂ ಬಸ್ ಹತ್ತತಿದ್ದಿ. ನಿಂದು ನನ್ನ ಕೈಯಾಗ ಇದ್ರ ಹೆಂಗ ಹೋಗ್ತಿ?”

ನನಗೆ ಮೈಯೆಲ್ಲ ಉರಿಯಿತು. ಹೊಲದಲ್ಲಿ ಗುಬ್ಬಿ ಓಡಿಸಿದ್ದು, ಮದುವೆಯಲ್ಲಿ ಹೂವು ಎರಚಿಸಿಕೊಂಡದ್ದು, ಎರಡು ತಿಂಗಳು ಪಟ್ಟ ಪಾಡು ಎಲ್ಲ ಒಟ್ಟಿಗೆ ಬಾಯಿಗೆ ಬಂತು.

“ಹೋಗಬ್ಯಾಡ ಅಂತ ಒಂದು ಮಾತು ಹೇಳಿದ್ರ ಆಗ್ತಿತ್ತಲ್ಲ! ಒಂದೇ ಮಾತು!”

“ಮಾತು ಬಿಟ್ಟಾಕಿ ನೀ,” ಎಂದಳು ನಗ್ಮಾ. “ಯಾರಿಗಿ ಹೇಳ್ಲಿ?”

ನನಗೆ ಅಳು ಬಂತು, ಜೋರಾಗಿಯೇ ಬಂತು. ಅವಳೂ ಅತ್ತಳು. ಹಾಜಿಮಲಂಗ್ ರೈಲಿಗೆ ಇನ್ನೂ ಒಂದು ತಾಸು ಇದ್ದರೂ ಚಪ್ಪಲಿ ಹುಡುಕಿಕೊಂಡು ಓಡಿದರು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ಅವಳ ಮುಖ ನೋಡಿ, ಬಾಯಿಬಿಟ್ಟು ಹೇಳಿದೆ.